ಆ ಹಳದಿ ಮೂಲೆ ನನ್ನನ್ನು ಪರೀಕ್ಷೆಗೆ ಕೂರಿಸಿತು

ಹುಲ್ಲುಹಾಸಿನ ಒಂದು ಮೂಲೆ ಹಳದಿಯಾಗುತ್ತಿತ್ತು. ಉಳಿದ ಕಡೆಯೆಲ್ಲ ಹಸಿರು. ಪೈಪಿನ ಕೊನೆಗಿದ್ದ ಆ ಮೂಲೆ ಮಾತ್ರ ಒಣಗುತ್ತಿತ್ತು. ಅಲ್ಲಿದ್ದ ಎರಡು ಸ್ಪ್ರಿಂಕ್ಲರ್‌ಗಳು ನೀರನ್ನು ಎಸೆಯುತ್ತಲೇ ಇರಲಿಲ್ಲ, ಬುಡದಲ್ಲೇ ಚೆಲ್ಲುತ್ತಿದ್ದವು. ಜಾಗದ ಯಜಮಾನರು ಏನು ಮಾಡೋಣ ಎಂದು ಕೇಳಿದರು. ನಾನು ಒಂದು ನಿಮಿಷವೂ ಯೋಚಿಸದೆ ಹೇಳಿಬಿಟ್ಟೆ: "ಪ್ರೆಶರ್ ಸಾಲ್ತಿಲ್ಲ ಸರ್. ದೊಡ್ಡ ಪಂಪ್ ಹಾಕಿಸಿ."

ಅವರು ನನ್ನ ಮಾತು ನಂಬಿ ಹಾಕಿಸಿದರು. ಒಂದು ವಾರ ಬಿಟ್ಟು ನೋಡಲು ಹೋದೆ. ಪಂಪಿನ ಹತ್ತಿರದ ಸ್ಪ್ರಿಂಕ್ಲರ್‌ಗಳಿಂದ ನೀರು ಮಂಜಿನ ಹಾಗೆ ಎದ್ದು, ಗಾಳಿಗೆ ಹಾರಿ, ಪಕ್ಕದ ದಾರಿಯ ಮೇಲೆ ಬೀಳುತ್ತಿತ್ತು. ಹಳದಿ ಮೂಲೆ ತುಸು ಸುಧಾರಿಸಿತ್ತು, ಅಷ್ಟೇ. ಯಜಮಾನರು ಬೈಯಲಿಲ್ಲ. "ಯಾಕೆ ಹೀಗಾಯ್ತು?" ಎಂದು ಮಾತ್ರ ಕೇಳಿದರು. ಪೈಪು, ಸ್ಪ್ರಿಂಕ್ಲರ್ ಹಾಕುವ ಇದೇ ಕೆಲಸವನ್ನು ಏಳು ವರ್ಷ ಮಾಡಿದ್ದೆ. ಆದರೂ ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವತ್ತು ರಾತ್ರಿ ತುಂಬಾ ಹೊತ್ತು ನಿದ್ದೆ ಬರಲಿಲ್ಲ. ನನ್ನ ಊಹೆಗೆ ಬೇರೆಯವರು ದುಡ್ಡು ಸುರಿದಿದ್ದರು. ಸರ್ಟಿಫೈಡ್ ಇರಿಗೇಶನ್ ಟೆಕ್ನಿಷಿಯನ್ ಪರೀಕ್ಷೆಗೆ ಹೆಸರು ಕೊಡಬೇಕು ಎಂದು ತೀರ್ಮಾನಿಸಿದ್ದು ಆ ವಾರದಲ್ಲೇ. ಇದನ್ನು ನಡೆಸುವುದು 1949ರಲ್ಲಿ ಅಮೆರಿಕದಲ್ಲಿ ಶುರುವಾದ ಇರಿಗೇಶನ್ ಅಸೋಸಿಯೇಶನ್. ಪೈಪು ಹಾಕುವ, ರಿಪೇರಿ ಮಾಡುವ, ವಾಲ್ವ್ ನೋಡಿಕೊಳ್ಳುವ ನಮ್ಮಂಥ ಕೆಲಸದವರಿಗಾಗಿಯೇ ಇರುವ ಪರೀಕ್ಷೆ ಇದು. ವಿನ್ಯಾಸ ಮಾಡುವವರಿಗೆ, ನೀರಿನ ಲೆಕ್ಕ ತಪಾಸಣೆ ಮಾಡುವವರಿಗೆ ಬೇರೆ ಪ್ರಮಾಣಪತ್ರಗಳಿವೆ.

ಅದಕ್ಕೂ ಮುಂಚೆ ಕಲಿತದ್ದೆಲ್ಲ ಕೆಲಸದ ಮೇಲೇ. ಕಲಿಸಿದವರು ನನಗಿಂತ ಹದಿನೈದು ವರ್ಷ ದೊಡ್ಡವರಾದ ಒಬ್ಬ ಅಣ್ಣ. ಅವರ ಕೈ ಈಗಲೂ ನನ್ನ ಕೈಗಿಂತ ಚೆನ್ನಾಗಿದೆ. ಪಿವಿಸಿ ಪೈಪನ್ನು ನೇರವಾಗಿ ಕತ್ತರಿಸಬೇಕು, ಅಂಚಿನ ಸಿಬಿರು ಕೆರೆದು ತೆಗೆಯಬೇಕು, ಒರೆಸಬೇಕು. ಎರಡೂ ಕಡೆ ಸಾಲ್ವೆಂಟ್ ಅಂಟು ಹಚ್ಚಿ, ಒಳಗೆ ತಳ್ಳುವಾಗ ಕಾಲು ಸುತ್ತು ತಿರುಗಿಸಿ, ಅರ್ಧ ನಿಮಿಷ ಬಿಗಿಯಾಗಿ ಹಿಡಿದಿರಬೇಕು. ಬಿಟ್ಟರೆ ಪೈಪು ತಾನಾಗಿಯೇ ಹಿಂದಕ್ಕೆ ಜಾರುತ್ತದೆ. ಇದನ್ನೆಲ್ಲ ಅವರು ಬಾಯಲ್ಲಿ ಹೇಳಿದ್ದು ಕಡಿಮೆ, ಮಾಡಿ ತೋರಿಸಿದ್ದೇ ಜಾಸ್ತಿ. ನಾನು ಹಾಕಿದ ಜಾಯಿಂಟ್ ಇಲ್ಲಿಯವರೆಗೆ ಸೋರಿದ್ದು ತೀರಾ ಅಪರೂಪ. ಅದು ಅವರ ಋಣ. ಆದರೆ ಪೈಪಿನ ಒಳಗೆ ನೀರು ಏನು ಮಾಡುತ್ತದೆ ಅನ್ನುವುದು ಇಬ್ಬರಿಗೂ ಗೊತ್ತಿರಲಿಲ್ಲ.

ಓದಲು ಕುಳಿತ ಮೊದಲ ವಾರದಲ್ಲೇ ನನ್ನ ತಪ್ಪಿನ ಅರ್ಧ ಭಾಗ ಕಣ್ಣಿಗೆ ಬಿತ್ತು. ನಿಂತ ನೀರಿನ ಒತ್ತಡ ಬೇರೆ, ಹರಿಯುವ ನೀರಿನ ಒತ್ತಡ ಬೇರೆ. ಎಲ್ಲ ವಾಲ್ವ್ ಮುಚ್ಚಿ, ಒತ್ತಡ ಅಳೆಯುವ ಗೇಜ್ ಹಾಕಿದರೆ ಮುಳ್ಳು ಮೇಲೆ ಹೋಗಿ ನಿಲ್ಲುತ್ತದೆ. ಅದನ್ನು ನೋಡಿ "ಪ್ರೆಶರ್ ಚೆನ್ನಾಗಿದೆ" ಎಂದು ಎಷ್ಟು ಸಲ ಹೇಳಿದ್ದೇನೋ. ಆದರೆ ಸ್ಪ್ರಿಂಕ್ಲರ್ ಕೆಲಸ ಮಾಡುವುದು ನೀರು ಹರಿಯುವಾಗ. ಹರಿಯಲು ಶುರುವಾದ ಕೂಡಲೇ ನೀರು ಪೈಪಿನ ಗೋಡೆಗೆ ಉಜ್ಜಿಕೊಂಡು ಒತ್ತಡ ಕಳೆದುಕೊಳ್ಳುತ್ತದೆ. ಎಷ್ಟು ಕಳೆದುಕೊಳ್ಳುತ್ತದೆ ಅನ್ನುವುದು ಪೈಪಿನ ಉದ್ದ, ಒಳಗಿನ ಅಗಲ, ಹರಿವು ಮತ್ತು ಗೋಡೆ ಎಷ್ಟು ನುಣುಪು ಅನ್ನುವುದರ ಮೇಲೆ ನಿಂತಿದೆ.

ಇದಕ್ಕೆ ಹೇಜನ್–ವಿಲಿಯಮ್ಸ್ ಅನ್ನುವ ಸೂತ್ರ ಇದೆ. ಸೂತ್ರ ನೋಡಿ ಮೊದಲು ಹೆದರಿದೆ. ಆಮೇಲೆ ಅದರಿಂದ ಎರಡು ಮಾತು ತೆಗೆದು ಗೋಡೆಯ ಮೇಲೆ ಬರೆದು ಅಂಟಿಸಿದೆ. ಒಂದು, ಅದೇ ಪೈಪಿನಲ್ಲಿ ಹರಿವು ದುಪ್ಪಟ್ಟಾದರೆ ನಷ್ಟ ದುಪ್ಪಟ್ಟಾಗುವುದಿಲ್ಲ, ಸುಮಾರು 3.6 ಪಟ್ಟು ಆಗುತ್ತದೆ. ಎರಡು, ಹರಿವು ಅಷ್ಟೇ ಇದ್ದು ಪೈಪಿನ ಒಳಗಿನ ಅಗಲ ದುಪ್ಪಟ್ಟಾದರೆ ನಷ್ಟ ಹೆಚ್ಚುಕಡಿಮೆ ಮೂವತ್ತರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ಎರಡನೆಯದನ್ನು ಬರೆಯುವಾಗ ಕೈ ತಡೆಯಿತು. "ಇಲ್ಲಿ ಒಂದು ಸೈಜ್ ಸಣ್ಣದು ಹಾಕಿದ್ರೂ ನಡೆಯುತ್ತೆ" ಎಂದು ಎಷ್ಟೋ ಕಡೆ ಪೈಪು ಹೂತು ಬಂದಿದ್ದೆ. ಆ ಜಾಗಗಳೆಲ್ಲ ಒಂದೊಂದಾಗಿ ನೆನಪಾದವು.

ಹರಿವು ಅಳೆಯುವುದು ಎಷ್ಟು ಸುಲಭ ಅಂದರೆ, ಇಷ್ಟು ವರ್ಷ ಮಾಡದೆ ಇದ್ದದ್ದಕ್ಕೆ ಬೇಜಾರಾಯಿತು. 15 ಲೀಟರ್ ಬಕೆಟ್ 20 ಸೆಕೆಂಡಿನಲ್ಲಿ ತುಂಬಿದರೆ ನಿಮಿಷಕ್ಕೆ 45 ಲೀಟರ್. ಬಕೆಟ್ ಮತ್ತು ಗಡಿಯಾರ, ಇಷ್ಟೇ ಸಾಕು. ಎತ್ತರದ ಲೆಕ್ಕವೂ ಅಷ್ಟೇ ಸರಳ. ನೀರು ಸುಮಾರು 10 ಮೀಟರ್ ಮೇಲೇರಿದರೆ ಒಂದು ಬಾರ್ ಒತ್ತಡ ಹೋಯಿತು. 10 ಮೀಟರ್ ಕೆಳಗಿಳಿದರೆ ಒಂದು ಬಾರ್ ಬಂತು. ಇಂಗ್ಲಿಷ್ ಪುಸ್ತಕಗಳಲ್ಲಿ ಇದೇ ಲೆಕ್ಕ ಒಂದು ಪಿಎಸ್‌ಐಗೆ (ಚದರ ಇಂಚಿಗೆ ಒಂದು ಪೌಂಡ್ ಒತ್ತಡಕ್ಕೆ) 2.31 ಅಡಿ ಎಂದು ಇರುತ್ತದೆ. ಆ 2.31 ಅನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುವ ಹಾಗೆ ಬಾಯಿಪಾಠ ಮಾಡಿದೆ. ಪೈಪು ದಪ್ಪ ಇರಲಿ, ತೆಳ್ಳಗಿರಲಿ, ನಿಂತ ನೀರಿಗೆ ಎತ್ತರ ಒಂದೇ ಲೆಕ್ಕ. ಇದನ್ನು ನಂಬಲು ನನಗೆ ಎರಡು ದಿನ ಬೇಕಾಯಿತು. ಕೊನೆಗೆ ದಪ್ಪ ಪೈಪಿಗೂ ತೆಳು ಟ್ಯೂಬಿಗೂ ಒಂದೇ ಎತ್ತರದಿಂದ ನೀರು ಇಳಿಸಿ, ಗೇಜ್ ಹಾಕಿ ನೋಡಿದೆ. ಮುಳ್ಳು ಒಂದೇ ಕಡೆ ನಿಂತಿತು.

ಕರೆಂಟಿನ ಪಾಠ ನನಗೆ ಎಲ್ಲಕ್ಕಿಂತ ಕಷ್ಟವಾಯಿತು. ಸ್ವಯಂಚಾಲಿತ ವಾಲ್ವಿನ ಮೇಲೆ ಸೊಲೆನಾಯ್ಡ್ ಅಂತ ಒಂದು ಸಣ್ಣ ಸುರುಳಿ ಇರುತ್ತದೆ. ನೀರು ಬಿಡುವ ಸಮಯ ನೋಡಿಕೊಳ್ಳುವ ಕಂಟ್ರೋಲರ್ 24 ವೋಲ್ಟ್ ಕಳಿಸಿದಾಗ ಅದು ಒಳಗಿನ ಕಡ್ಡಿಯನ್ನು ಎಳೆದುಕೊಳ್ಳುತ್ತದೆ, ವಾಲ್ವ್ ತೆರೆಯುತ್ತದೆ. ವಾಲ್ವ್ ತೆರೆಯದಿದ್ದರೆ ನಾವು ಮಾಡುತ್ತಿದ್ದದ್ದು ಸ್ಕ್ರೂಡ್ರೈವರ್ ಹಿಡಿಯಿಂದ ಅದರ ತಲೆಗೆ ತಟ್ಟುವುದು. ಆಗಲೂ ತೆರೆಯದಿದ್ದರೆ ಹೊಸ ವಾಲ್ವ್. ಈಗ ಮೊದಲು ಮಲ್ಟಿಮೀಟರ್ ತೆಗೆಯುತ್ತೇನೆ. ಕಂಟ್ರೋಲರ್ ಹತ್ತಿರವೇ ನಿಂತು ಆ ವಾಲ್ವಿನ ವೈರ್ ಬಿಚ್ಚಿ, ಎಲ್ಲ ವಾಲ್ವಿಗೂ ಸೇರಿ ಇರುವ ಕಾಮನ್ ವೈರಿಗೂ ಅದಕ್ಕೂ ನಡುವೆ ಓಮ್ಸ್, ಅಂದರೆ ಕರೆಂಟಿಗೆ ಎಷ್ಟು ತಡೆ ಇದೆ ಅನ್ನುವುದನ್ನು ನೋಡುತ್ತೇನೆ. ಸಾಮಾನ್ಯವಾಗಿ 20ರಿಂದ 60ರ ಒಳಗೆ ಬಂದರೆ ಸುರುಳಿ ಚೆನ್ನಾಗಿದೆ. ಮೀಟರ್ ಏನೂ ತೋರಿಸದಿದ್ದರೆ ವೈರ್ ಎಲ್ಲೋ ತುಂಡಾಗಿದೆ ಅಥವಾ ಸುರುಳಿ ಸುಟ್ಟಿದೆ. ಸೊನ್ನೆಯ ಹತ್ತಿರ ಬಂದರೆ ಶಾರ್ಟ್.

ಹತ್ತರಲ್ಲಿ ಅರ್ಧಕ್ಕಿಂತ ಜಾಸ್ತಿ ಸಲ ನನಗೆ ಸಿಗುವುದು ಕೆಟ್ಟ ವಾಲ್ವ್ ಅಲ್ಲ, ಕೆಟ್ಟ ಗಂಟು. ವಾಲ್ವ್ ಪೆಟ್ಟಿಗೆಯ ಒಳಗೆ ಯಾವಾಗಲೂ ತೇವ. ಅಲ್ಲಿ ಎರಡು ವೈರ್ ತಿರುಚಿ ಇನ್ಸುಲೇಶನ್ ಟೇಪ್ ಸುತ್ತಿಬಿಟ್ಟರೆ ಒಂದೆರಡು ಮಳೆಗಾಲದಲ್ಲಿ ತಾಮ್ರ ಹಸಿರು ಹಿಡಿದು ಪುಡಿಯಾಗುತ್ತದೆ. ಒಳಗೆ ಗ್ರೀಸ್ ಅಥವಾ ಜೆಲ್ ತುಂಬಿದ ವಾಟರ್‌ಪ್ರೂಫ್ ಕನೆಕ್ಟರ್ ಹಾಕಿದರೆ ಆ ತೊಂದರೆ ಇಲ್ಲ. ನಾನೇ ಹಿಂದೆ ಟೇಪ್ ಸುತ್ತಿದ್ದ ಗಂಟುಗಳನ್ನು ಈಗ ಹೋದ ಹೋದ ಕಡೆ ಬದಲಾಯಿಸುತ್ತಿದ್ದೇನೆ. ಯಾರೂ ಕೇಳದಿದ್ದರೂ ಬದಲಾಯಿಸುತ್ತೇನೆ.

ಓದಿದ್ದರಲ್ಲಿ ನನ್ನನ್ನು ನಿಜವಾಗಿ ಹೆದರಿಸಿದ್ದು ಹಿಮ್ಮುಖ ಹರಿವು. ಕುಡಿಯುವ ನೀರಿನ ಕೊಳವೆಗೇ ತೋಟದ ಪೈಪು ಜೋಡಿಸಿರುತ್ತಾರೆ. ಅದರ ಇನ್ನೊಂದು ತುದಿ ಗೊಬ್ಬರ ಕಲಸಿದ ಡ್ರಮ್ಮಿನಲ್ಲಿ ಮುಳುಗಿರುತ್ತದೆ. ಅಷ್ಟರಲ್ಲಿ ಕೆಳಗೆಲ್ಲೋ ಮುಖ್ಯ ಕೊಳವೆ ಒಡೆಯಿತು ಅಂದುಕೊಳ್ಳಿ. ಒತ್ತಡ ಬಿದ್ದುಹೋಗಿ, ಕೊಳವೆಯೇ ನೀರನ್ನು ಹಿಂದಕ್ಕೆ ಹೀರುತ್ತದೆ. ಡ್ರಮ್ಮಿನ ಗೊಬ್ಬರ, ಔಷಧಿ ಎಲ್ಲ ಕುಡಿಯುವ ನೀರಿಗೆ. ಹೀಗೆ ಪೈಪು ಮುಳುಗಿಸಿ ಬಿಟ್ಟು ಊಟಕ್ಕೆ ಹೋದದ್ದು ನನ್ನ ಜೀವನದಲ್ಲೇ ಎಷ್ಟು ಸಲ ಆಗಿದೆಯೋ. ಆ ಅಧ್ಯಾಯ ಓದುವಾಗ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ನೆ ಕುಳಿತಿದ್ದೆ.

ಇದನ್ನು ತಡೆಯಲು ಸಾಧನಗಳಿವೆ. ಪ್ರೆಶರ್ ವ್ಯಾಕ್ಯೂಮ್ ಬ್ರೇಕರ್ ಅನ್ನುವುದು ಅದರಲ್ಲಿ ಒಂದು. ಒತ್ತಡ ಬಿದ್ದಾಗ ಅದು ಗಾಳಿಯನ್ನು ಒಳಗೆ ಬಿಟ್ಟು ಹೀರುವಿಕೆಯನ್ನು ಮುರಿಯುತ್ತದೆ. ಆದರೆ ಅದರಿಂದ ಮುಂದೆ ಇರುವ ಅತಿ ಎತ್ತರದ ಸ್ಪ್ರಿಂಕ್ಲರ್‌ಗಿಂತ ಕನಿಷ್ಠ 12 ಇಂಚು ಮೇಲೆ ಅದನ್ನು ಕೂರಿಸಬೇಕು. ಕಣ್ಣಿಗೆ ಚೆನ್ನಾಗಿ ಕಾಣುವುದಿಲ್ಲ ಎಂದು ಅದನ್ನು ನೆಲದ ಮಟ್ಟಕ್ಕೆ ಇಳಿಸಿ ಗಿಡದ ಮರೆಯಲ್ಲಿ ಮುಚ್ಚಿಟ್ಟಿರುವುದನ್ನು ನೋಡಿದ್ದೇನೆ. ಹಾಗೆ ಇಟ್ಟರೆ ಅದು ಇದ್ದೂ ಇಲ್ಲದ ಹಾಗೆ. ಈ ಒಂದು ವಿಷಯದಲ್ಲಿ ಈಗ ನಾನು ಯಾರ ಮಾತಿಗೂ ಬಗ್ಗುವುದಿಲ್ಲ. ಆ ಸಾಧನ ಬೇಡ ಅಂದವರ ಕೆಲಸ ಬಿಟ್ಟು ಬಂದಿದ್ದೇನೆ.

ಮಣ್ಣಿನ ಪಾಠ ಬೇಗ ಮುಗಿಯಿತು, ಯಾಕೆಂದರೆ ಅದು ಕೈಗೆ ಗೊತ್ತಿತ್ತು. ಒದ್ದೆ ಮಣ್ಣನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿ ಪಟ್ಟಿ ಮಾಡುವುದು. ಉದ್ದ ಪಟ್ಟಿ ಬಂದರೆ ಜೇಡಿ, ಬರದೆ ಉದುರಿದರೆ ಮರಳು. ಹೊಸದಾಗಿ ಕಲಿತದ್ದು ಸಮಯ ಒಡೆಯುವುದನ್ನು. ಜೇಡಿಮಣ್ಣು ನೀರನ್ನು ನಿಧಾನವಾಗಿ ಕುಡಿಯುತ್ತದೆ, ಸ್ಪ್ರಿಂಕ್ಲರ್ ಬೇಗ ಸುರಿಯುತ್ತದೆ. ಒಂದೇ ಸಲ ಇಪ್ಪತ್ತು ನಿಮಿಷ ಬಿಟ್ಟರೆ ಅರ್ಧ ನೀರು ಚರಂಡಿಗೆ. ಐದೈದು ನಿಮಿಷದ ನಾಲ್ಕು ಸಲ ಮಾಡಿ, ನಡುವೆ ಅರ್ಧ ಗಂಟೆ ಇಂಗಲು ಬಿಟ್ಟರೆ ಅದೇ ನೀರು ಬೇರಿಗೆ ಹೋಗುತ್ತದೆ. ಕಂಟ್ರೋಲರ್‌ನಲ್ಲಿ ಎರಡು ಗುಂಡಿ ಒತ್ತುವ ಕೆಲಸ, ಅಲ್ವಾ? ಇಷ್ಟು ವರ್ಷ ಒತ್ತಿರಲಿಲ್ಲ.

ಹನಿ ನೀರಾವರಿಯ ಭಾಗ ಓದುವಾಗ ಖುಷಿಯಾಯಿತು. ಇಸ್ರೇಲಿನ ಸಿಂಖಾ ಬ್ಲಾಸ್ ಅನ್ನುವ ನೀರಿನ ಎಂಜಿನಿಯರ್, ಒಂದೇ ಸಾಲಿನ ಮರಗಳಲ್ಲಿ ಒಂದು ಮಾತ್ರ ಎತ್ತರ ಬೆಳೆದದ್ದನ್ನು ನೋಡಿ ಅದರ ಬುಡ ಅಗೆದರಂತೆ. ಅಲ್ಲಿ ಸೋರುವ ಪೈಪೊಂದು ಹನಿ ಹನಿಯಾಗಿ ನೀರು ಕೊಡುತ್ತಿತ್ತು. ಅದನ್ನು ಮರೆಯದೆ ವರ್ಷಗಟ್ಟಲೆ ತಲೆಯಲ್ಲಿ ಇಟ್ಟುಕೊಂಡು, ಪ್ಲಾಸ್ಟಿಕ್ ಬಂದ ಮೇಲೆ ಮಗನ ಜೊತೆ ಡ್ರಿಪ್ಪರ್ ಮಾಡಿದರು. 1965ರಲ್ಲಿ ಹಟ್ಸೆರಿಮ್ ಅನ್ನುವ ಕಿಬ್ಬುಟ್ಸ್ (ಎಲ್ಲರೂ ಕೂಡಿ ದುಡಿದು ಬಾಳುವ ಹಳ್ಳಿ) ಜೊತೆ ಸೇರಿ ನೆಟಾಫಿಮ್ ಅನ್ನುವ ಹನಿ ನೀರಾವರಿ ಕಂಪನಿ ಶುರುವಾಯಿತು. ನಮ್ಮ ಕೆಲಸದಲ್ಲಿ ಸೋರಿಕೆ ಕಂಡರೆ ಮುಚ್ಚುವುದಷ್ಟೇ ಗೊತ್ತು. ಅವರು ಸೋರಿಕೆಯ ಮುಂದೆ ನಿಂತು ಮರವನ್ನು ನೋಡಿದರು.

ಆದರೆ ಡ್ರಿಪ್ ಹಾಕಿದ ಕಡೆ ಅದು ಸಾಯುವುದು ಹೆಚ್ಚಾಗಿ ಫಿಲ್ಟರ್‌ನಿಂದ. ಫಿಲ್ಟರ್‌ನ ಮುಂದೊಂದು, ಹಿಂದೊಂದು ಗೇಜ್ ಇರಬೇಕು. ಎರಡರ ನಡುವಿನ ಅಂತರ ಬೆಳೆಯುತ್ತಾ ಹೋದರೆ ಜಾಲರಿ ಕಟ್ಟಿಕೊಳ್ಳುತ್ತಿದೆ ಎಂದರ್ಥ. ಪೈಪಿನ ಕೊನೆಯ ಎಂಡ್ ಕ್ಯಾಪ್ ಬಿಚ್ಚಿ ಆಗಾಗ ತೊಳೆಯಬೇಕು. ಮೊದಲು ಕಂದು ನೀರು ಬರುತ್ತದೆ, ತಿಳಿಯಾಗುವವರೆಗೆ ಬಿಡಬೇಕು. ಇಷ್ಟೇ. ಇಷ್ಟನ್ನು ಮಾಡದೆ ಇಡೀ ಲೈನನ್ನೇ ಕಿತ್ತು ಬಿಸಾಡಿದವರನ್ನು ನೋಡಿದ್ದೇನೆ.

ಪರೀಕ್ಷೆ ಮೊದಲ ಸಲ ಪಾಸಾಗಲಿಲ್ಲ. ಪ್ರಶ್ನೆಗೆ ಕೊಟ್ಟ ಉತ್ತರಗಳಲ್ಲಿ ಸರಿಯಾದದ್ದನ್ನು ಆರಿಸುವ ಪರೀಕ್ಷೆ ಅದು, ಕೇಳಲು ಸುಲಭ ಅನಿಸುತ್ತದೆ. ಆದರೆ ತಪ್ಪು ಲೆಕ್ಕ ಮಾಡಿದರೆ ಬರುವ ಉತ್ತರವೂ ಅಲ್ಲೇ ಇರುತ್ತದೆ. ನಾನು ಅಳತೆ ಬದಲಾಯಿಸುವುದನ್ನು ಅವಸರದಲ್ಲಿ ಮಾಡುತ್ತಿದ್ದೆ. ಫಲಿತಾಂಶ ಬಂದ ದಿನ ಅಣ್ಣನಿಗೆ ಫೋನ್ ಮಾಡಿದೆ. "ಜಾಯಿಂಟ್ ಸೋರಿದ್ರೆ ಏನ್ ಮಾಡ್ತೀಯ? ಕತ್ತರಿಸಿ ಮತ್ತೆ ಹಾಕ್ತೀಯ ತಾನೆ?" ಅಂದರು. ಮತ್ತೆ ಮೂರು ತಿಂಗಳು ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಒಂದು ಗಂಟೆ ಬರೀ ಲೆಕ್ಕ ಮಾಡಿದೆ. ಪ್ರತಿ ಅಂಕಿಯ ಪಕ್ಕದಲ್ಲಿ ಅದು ಲೀಟರೋ, ಗ್ಯಾಲನ್ನೋ, ಮೀಟರೋ, ಅಡಿಯೋ ಎಂದು ಬರೆಯುವುದನ್ನು ಅಭ್ಯಾಸ ಮಾಡಿಕೊಂಡೆ. ಎರಡನೆಯ ಸಲ ಪಾಸಾದೆ.

ಪ್ರಮಾಣಪತ್ರ ಬಂದ ವಾರವೇ ಆ ಹಳದಿ ಮೂಲೆಯ ಯಜಮಾನರ ಹತ್ತಿರ ಹೋದೆ. "ಕೂಲಿ ಬೇಡ ಸರ್, ಒಂದು ದಿನ ನೋಡೋಕೆ ಬಿಡಿ" ಎಂದು ಕೇಳಿದೆ. ಒಪ್ಪಿದರು.

ಆ ಸಾಲಿನಲ್ಲಿ ಹತ್ತು ಸ್ಪ್ರಿಂಕ್ಲರ್‌ಗಳಿದ್ದವು, ನಾವು ಸ್ಪ್ರೇ ಹೆಡ್ ಅನ್ನುವಂಥವು. ದೊಡ್ಡ ಪಂಪ್ ಓಡುವಾಗ ಮೊದಲನೆಯದರ ಹತ್ತಿರ 4 ಬಾರ್, ಕೊನೆಯದರ ಹತ್ತಿರ 1.6. ಸ್ಪ್ರೇ ಹೆಡ್‌ಗೆ ಬೇಕಾದದ್ದು ಸುಮಾರು 2. ಒಂದು ಕಡೆ ದುಪ್ಪಟ್ಟು, ಇನ್ನೊಂದು ಕಡೆ ಕೊರತೆ. ಹಳೆಯ ಪಂಪ್ ಶೆಡ್ಡಿನಲ್ಲೇ ಇತ್ತು. ಅದನ್ನು ಜೋಡಿಸಿ ಮತ್ತೆ ಅಳೆದೆ. ಮೊದಲನೆಯದಕ್ಕೆ 2.2, ಕೊನೆಯದಕ್ಕೆ 0.9. ಭಾಗಿಸಿ ನೋಡಿದರೆ ಎರಡು ಪಂಪಿನಲ್ಲೂ ಕೊನೆಗೆ ತಲುಪುತ್ತಿದ್ದದ್ದು ಮೊದಲಿನದರ ಹತ್ತಿರಹತ್ತಿರ ನೂರಕ್ಕೆ ನಲವತ್ತು ಭಾಗ. ಒತ್ತಡ ಜಾಸ್ತಿ ಮಾಡಿದರೆ ಹರಿವೂ ಜಾಸ್ತಿಯಾಗುತ್ತದೆ, ಹರಿವು ಜಾಸ್ತಿಯಾದರೆ ನಷ್ಟವೂ ಜಾಸ್ತಿಯಾಗುತ್ತದೆ. ಆ ಪೈಪು ತನ್ನ ಪಾಲನ್ನು ಎರಡು ಸಲವೂ ಅಷ್ಟೇ ತೆಗೆದುಕೊಂಡಿತ್ತು. "ಯಾಕೆ ಹೀಗಾಯ್ತು?" ಅನ್ನುವ ಪ್ರಶ್ನೆಗೆ ಉತ್ತರ ಇದು. ಅಂಗಳದಲ್ಲಿ ಕುಳಿತು ಕಾಗದದ ಮೇಲೆ ಬರೆದು ಅವರಿಗೆ ತೋರಿಸಿದೆ.

ಇನ್ನೊಂದು ವಿಷಯವನ್ನೂ ಹೇಳಲೇಬೇಕಿತ್ತು. ಮೂರನೆಯ ಮತ್ತು ನಾಲ್ಕನೆಯ ಹೆಡ್‌ನ ನಳಿಗೆಗಳು ಬೇರೆ ಸೈಜಿನವು, ದೊಡ್ಡವು. ಹಿಂದೆ ಒಡೆದುಹೋದಾಗ ನನ್ನ ಡಬ್ಬಿಯಲ್ಲಿದ್ದದ್ದನ್ನು ನಾನೇ ಹಾಕಿದ್ದೆ. ಥ್ರೆಡ್ ಕೂತಿತು, ಹಾಗಾಗಿ ಸರಿ ಅಂದುಕೊಂಡಿದ್ದೆ. ಅವೆರಡೂ ಹೆಚ್ಚು ನೀರು ಎಳೆದು ಮುಂದಿನವರ ಪಾಲು ಕಡಿಮೆ ಮಾಡಿದ್ದವು. ಹೇಳುವಾಗ ಗಂಟಲು ಕಟ್ಟಿತು. ಅವರು ಕೇಳಿಸಿಕೊಂಡರು, "ಈಗ ಸರಿ ಮಾಡು" ಅಂದರು.

ನೀರನ್ನು ಸಾಲಿನ ತುದಿಯಿಂದ ಕೊಡುವ ಬದಲು ನಡುವಿನಿಂದ ಕೊಟ್ಟೆ. ಅಗಲದ ಪೈಪನ್ನು ಐದನೆಯ ಮತ್ತು ಆರನೆಯ ಹೆಡ್ ನಡುವಿನವರೆಗೆ ಹೂತು ಟೀ (ನೀರನ್ನು ಎರಡು ಕಡೆಗೆ ಒಡೆಯುವ T ಆಕಾರದ ಜೋಡಣೆ) ಹಾಕಿದೆ. ಈಗ ಪ್ರತಿ ಕಡೆಗೆ ಅರ್ಧ ಹರಿವು, ಅರ್ಧ ಉದ್ದ. ಲೆಕ್ಕದ ಪ್ರಕಾರ ಆ ಸಾಲಿನ ನಷ್ಟ ಸುಮಾರು ಏಳರಲ್ಲಿ ಒಂದು ಭಾಗಕ್ಕೆ ಇಳಿಯಬೇಕು. ನಳಿಗೆಗಳನ್ನೂ ಹೊಂದುವಂಥವನ್ನೇ ಹಾಕಿದೆ: ಕಾಲು ವೃತ್ತ ಸುತ್ತುವುದಕ್ಕೆ ಅರ್ಧ ವೃತ್ತದ್ದಕ್ಕಿಂತ ಅರ್ಧ ನೀರು. ಹಳೆಯ ಪಂಪಿನಲ್ಲೇ ಓಡಿಸಿದೆ. ನಡುವೆ 2.1, ಎರಡೂ ತುದಿಯಲ್ಲಿ 1.9. ಗೇಜ್ ಹಿಡಿದ ಕೈ ನಡುಗುತ್ತಿತ್ತು.

ಶುರು ಮಾಡುವ ಮುಂಚೆ ಹುಲ್ಲಿನ ಮೇಲೆ ಒಂದೇ ಸೈಜಿನ 24 ಡಬ್ಬಿಗಳನ್ನು ಸಾಲಾಗಿ ಇಟ್ಟು ಹಳೆಯ ಪಂಪಿನಲ್ಲಿ ಹದಿನೈದು ನಿಮಿಷ ನೀರು ಹಿಡಿದಿದ್ದೆ. ಎಲ್ಲದರ ಸರಾಸರಿ 10 ಮಿಲಿಮೀಟರ್. ತೀರಾ ಕಡಿಮೆ ಬಿದ್ದ ಆರು ಡಬ್ಬಿಗಳ ಸರಾಸರಿ 4. ಅಂದರೆ ಸಮತೆ, ನೀರು ಎಷ್ಟು ಸಮನಾಗಿ ಬೀಳುತ್ತದೆ ಅನ್ನುವ ಅಳತೆ, ನೂರಕ್ಕೆ 40. ಸರಿಪಡಿಸಿದ ಮೇಲೆ ಅದೇ ಡಬ್ಬಿ, ಅದೇ ಜಾಗ, ಅಷ್ಟೇ ಸಮಯ. ನೂರಕ್ಕೆ 70 ಬಂತು. ಮೂಲೆಯಲ್ಲಿದ್ದ ಡಬ್ಬಿಯಲ್ಲಿ ಮೊದಲ ಸಲ ತಳ ಕಾಣದಷ್ಟು ನೀರು ನಿಂತಿತ್ತು. ಯಜಮಾನರೇ ಬಗ್ಗಿ ಎತ್ತಿ ನೋಡಿದರು. ಒಂದು ಮಿಲಿಮೀಟರ್ ಅಂದರೆ ಒಂದು ಚದರ ಮೀಟರ್‌ಗೆ ಒಂದು ಲೀಟರ್ ಎಂದು ಹೇಳಿದಾಗ, ತಮ್ಮ ಹುಲ್ಲುಹಾಸಿನ ಅಳತೆಯನ್ನು ತಾವೇ ಗುಣಿಸತೊಡಗಿದರು.

ದೊಡ್ಡ ಪಂಪನ್ನು ಅವರು ಬೇರೆ ಕಡೆ ಬಳಸಿಕೊಳ್ಳುತ್ತೇನೆ ಅಂದರು. ಅದು ನನಗಾಗಿ ಹೇಳಿದ ಮಾತು ಎಂದು ನನಗೆ ಗೊತ್ತು.

ಈ ಪರೀಕ್ಷೆಗೆ ಓದಬೇಕು ಅಂದುಕೊಂಡಿರುವ ಜೊತೆಗಾರರಿಗೆ ಒಂದು ಮಾತು. ಪುಸ್ತಕಕ್ಕೂ ಮುಂಚೆ ಒಂದು ಒಳ್ಳೆಯ ಗೇಜ್ ತೆಗೆದುಕೊಳ್ಳಿ, ಜೊತೆಗೆ ಸ್ಪ್ರೇ ಹೆಡ್‌ಗೆ ಜೋಡಿಸುವ ಟೀ. ಓದಿದ ಪ್ರತಿ ಪುಟವನ್ನು ಮರುದಿನ ಕೆಲಸದ ಜಾಗದಲ್ಲಿ ಅಳೆದು ನೋಡಿ. ನನಗೆ ಲೆಕ್ಕ ತಲೆಗೆ ಹತ್ತಿದ್ದು ಹಾಗೆ. ಅಣ್ಣನೂ ಈಗ ನನ್ನ ಗೇಜ್ ಕೇಳಿ ತೆಗೆದುಕೊಂಡು ಹೋಗುತ್ತಾರೆ. ಅವರು ನೋಡಿಕೊಳ್ಳುವ ಒಂದು ಇಳಿಜಾರಿನಲ್ಲಿ ಪಂಪ್ ನಿಂತ ಮೇಲೂ ಕೆಳಗಿನ ಹೆಡ್‌ಗಳಿಂದ ಹತ್ತು ನಿಮಿಷ ನೀರು ಸೋರುತ್ತದಂತೆ. ಪೈಪಿನಲ್ಲಿ ಉಳಿದ ನೀರೆಲ್ಲ ತಗ್ಗಿಗೆ ಇಳಿದು ಬರುತ್ತಿದೆ. ಹಾಗೆ ಸೋರದಂತೆ ತಡೆಯುವ ಚೆಕ್ ವಾಲ್ವ್ ಒಳಗೆ ಇರುವ ಹೆಡ್ ಹಾಕಬೇಕು. ಯಾವ ಎತ್ತರಕ್ಕೆ ಎಷ್ಟು ತಡೆಯಬೇಕು ಎಂದು ಅಳೆಯಲು ಮಂಗಳವಾರ ಇಬ್ಬರೂ ಹೋಗುತ್ತಿದ್ದೇವೆ.